ಓದದೆ ಬಿಟ್ಟ ಅಧ್ಯಾಯ

ನಮ್ಮ ಗ್ರಂಥಾಲಯದಲ್ಲಿ ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಕಿವಿಸಾಹೇಬ ಎನ್ನುತ್ತಾರೆ. ಬೆನ್ನ ಹಿಂದೆ ಆಡಿದ್ದೂ ಕಿವಿಗೆ ಬೀಳುತ್ತದೆ ಎಂಬುದು ಆ ಪುಣ್ಯಾತ್ಮರಿಗೆ ಇನ್ನೂ ಹೊಳೆದಿಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ, ಧ್ವನಿಮುದ್ರಿಸಿ, ಊರೂರಿಗೆ ಕಳಿಸುವ ಜಾಗ ಇದು. ಓದುವವರು ಕಣ್ಣಿರುವವರು, ಬಿಡುವಿದ್ದಾಗ ಬಂದು ಸೇವೆಯೆಂದು ಓದಿ ಹೋಗುವವರು. ಅವರ ಓದನ್ನು ಕೇಳಿ, ತಪ್ಪು ಹಿಡಿದು, ಮತ್ತೆ ಓದಿಸುವ ಕೆಲಸ ನನ್ನದು. ನಾನು ಹುಟ್ಟಿನಿಂದಲೇ ಕಣ್ಣಿಲ್ಲದವನು. ಓದುವವರು ಎಂಜಲು ನುಂಗಿದ್ದು, ಅವರ ಕುರ್ಚಿ ಕಿರುಗುಟ್ಟಿದ್ದು, ಗೊತ್ತಿಲ್ಲದ ಪದವನ್ನು ನಾಜೂಕಾಗಿ ತೇಲಿಸಿ ಹೋದದ್ದು, ಯಾವುದೂ ನನ್ನಿಂದ ತಪ್ಪಿಸಿಕೊಳ್ಳುವುದಿಲ್ಲ. ಸಿಕ್ಕಿಬಿದ್ದವರನ್ನು ಸುಮ್ಮನೆ ಬಿಡುವವನೂ ನಾನಲ್ಲ.

ನಮ್ಮಲ್ಲಿರುವುದು ಒಂದೇ ಕಟ್ಟಳೆ. ಪುಸ್ತಕದಲ್ಲಿ ಇರುವುದನ್ನೆಲ್ಲ ಓದಬೇಕು. ಬೈಗುಳ ಇದ್ದರೆ ಬೈಗುಳ, ಪೋಲಿ ಮಾತಿದ್ದರೆ ಪೋಲಿ ಮಾತು, ಅಚ್ಚಿನ ತಪ್ಪಿದ್ದರೆ ಅದೂ. ಬೇಕಾದ್ದು ಬೇಡವಾದ್ದು ಆರಿಸಿಕೊಳ್ಳುವುದು ಕೇಳುವವನಿಗೆ ಬಿಟ್ಟದ್ದು. ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಕಾದಂಬರಿಯೊಂದರ ಹಾಸಿಗೆಯ ದೃಶ್ಯವನ್ನು "ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು" ಎಂದು ಓದಿ ಮುಗಿಸಿದ್ದರು. ಅವರಿಗೆ ಅವತ್ತೇ ಕೈಮುಗಿದು ಬಾಗಿಲು ತೋರಿಸಿದೆ. ಪ್ರತಿ ಪುಸ್ತಕದ ಕೊನೆಗೆ ನನ್ನದೇ ದನಿಯಲ್ಲಿ ಒಂದು ಮಾತು ಇರುತ್ತದೆ: "ಅಚ್ಚಾದ ಪುಸ್ತಕದಲ್ಲಿ ಇರುವುದೆಲ್ಲವೂ ಇದರಲ್ಲಿದೆ. ಪರೀಕ್ಷಿಸಿದ್ದೇನೆ." ಆ ಮಾತಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಪರೀಕ್ಷೆ ನಡೆಯುವ ರೀತಿ ಹೀಗೆ. ನಾನು ಕೇಳುತ್ತಾ ಕೂರುತ್ತೇನೆ. ಪಕ್ಕದಲ್ಲಿ ಕಣ್ಣಿರುವ ಇನ್ನೊಬ್ಬರು ಪುಸ್ತಕ ತೆರೆದುಕೊಂಡು ಸಾಲು ಸಾಲಾಗಿ ನೋಡುತ್ತಾ ಬರುತ್ತಾರೆ. ಒಬ್ಬಳ ಓದಿಗೆ ಮಾತ್ರ ನಾನು ಆ ಎರಡನೆಯವರನ್ನು ಕೂರಿಸುತ್ತಿರಲಿಲ್ಲ. ಅವಳು ನನ್ನ ಹೆಂಡತಿ.

ಅವಳೂ ಮೊದಲು ಬಂದದ್ದು ಓದುವುದಕ್ಕೆಂದೇ. ಬಂದ ದಿನವೇ ಒಂದೇ ಪುಟವನ್ನು ಮತ್ತೆ ಮತ್ತೆ ಓದಿಸಿದೆ. ಕೊನೆಗೆ ಅವಳು, "ಸಾಹೇಬ್ರೇ, ತಪ್ಪು ನನ್ನ ಓದಲ್ಲಿದೆಯೋ, ಇಲ್ಲಾ ನಿಮಗೆ ಇನ್ನೂ ಕೇಳ್ಬೇಕು ಅನ್ನಿಸ್ತಿದೆಯೋ?" ಎಂದಳು. ಎರಡನೆಯದೇ ನಿಜವಾಗಿತ್ತು. ಮದುವೆಯಾದೆವು. ಮನೆಯವಳ ಓದಿಗೆ ಕಾವಲು ಯಾಕೆ ಎಂದುಕೊಂಡೆ.

ಅವತ್ತು ಸಂಜೆ ಹೊಸ ಆಡಿಯೊ ಪುಸ್ತಕಗಳನ್ನು ಹೊತ್ತು ವ್ಯಾನು ಬೇರೆ ಬೇರೆ ಊರಿನ ಶಾಖೆಗಳಿಗೆ ಹೊರಡುವುದಿತ್ತು. ಅವುಗಳಲ್ಲಿ ನನ್ನ ಹೆಂಡತಿ ಓದಿದ ಕಾದಂಬರಿಯೂ ಒಂದು. ಗಡಿಯಾರ ರಿಪೇರಿಯವನೊಬ್ಬ ಬಿದ್ದು ಹಾಸಿಗೆ ಹಿಡಿಯುತ್ತಾನೆ, ಹೆಂಡತಿ ಅವನನ್ನು ನೋಡಿಕೊಳ್ಳುತ್ತಾಳೆ, ಇಷ್ಟೇ ಕಥೆ. ಮಧ್ಯಾಹ್ನ ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದೆ. ಬಾಗಿಲಲ್ಲಿ ಕೋಲಿನ ಸದ್ದಾಯಿತು. ಆ ಕೋಲು ನೆಲಕ್ಕೆ ಬಡಿಯುವ ಜೋರಿನಲ್ಲೇ ಬಂದವರು ಯಾರೆಂದು ಗೊತ್ತಾಯಿತು. ಟೆಲಿಫೋನ್ ಅಜ್ಜಿ.

ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರಿಗೂ ಕಣ್ಣಿಲ್ಲ. ನಮ್ಮ ಸದಸ್ಯರಲ್ಲೆಲ್ಲ ಅವರಷ್ಟು ಓದುವವರಿಲ್ಲ, ಅವರಷ್ಟು ಜಗಳ ಕಾಯುವವರೂ ಇಲ್ಲ. ಒಂದೇ ಪುಸ್ತಕವನ್ನು ಒಮ್ಮೆ ಕಿವಿಯಲ್ಲಿ ಕೇಳಿ, ಬ್ರೈಲ್ ಸಿಕ್ಕರೆ ಮತ್ತೊಮ್ಮೆ ಬೆರಳಲ್ಲಿ ಓದುವ ಚಟ ಅವರಿಗೆ. ಊರೊಳಗಿನ ಸದಸ್ಯರಿಗೆ ಮೊದಲ ಪ್ರತಿಗಳು ವ್ಯಾನಿಗಿಂತ ಮುಂಚೆಯೇ ಹೋಗುವುದರಿಂದ ಈ ಕಾದಂಬರಿಯನ್ನು ಅವರು ಆಗಲೇ ಕೇಳಿ ಮುಗಿಸಿದ್ದರು.

ಮೇಜಿನ ಮೇಲೆ ಏನೋ ಧೊಪ್ಪೆಂದು ಬಿತ್ತು. ಮುಟ್ಟಿ ನೋಡಿದೆ. ದಪ್ಪನೆಯ ಬ್ರೈಲ್ ಸಂಪುಟ.

"ಏನಪ್ಪಾ ಕಿವಿಸಾಹೇಬ, ಕಿವಿಗೆ ಹತ್ತಿ ಇಟ್ಕೊಂಡಿದ್ಯಾ?" ಎಂದರು ಅಜ್ಜಿ. ಎದುರಿಗೇ ಹಾಗೆ ಕರೆಯುವ ಧೈರ್ಯ ಇರುವುದು ಅವರಿಗೊಬ್ಬರಿಗೇ.

"ಯಾಕಜ್ಜಿ, ಏನಾಯ್ತು?"

"ಆ ಗಡಿಯಾರದವನ ಕಾದಂಬರೀಲಿ ಒಂದು ಅಧ್ಯಾಯಕ್ಕೆ ಅಧ್ಯಾಯವೇ ಸ್ವಾಹಾ ಆಗಿದೆ. ಬೇರೆ ಊರಿನ ಲೈಬ್ರರಿಯಿಂದ ಬ್ರೈಲ್ ತರಿಸ್ಕೊಂಡೆ. ಇದರಲ್ಲಿದೆ, ನಿಮ್ಮ ಆಡಿಯೊದಲ್ಲಿ ಇಲ್ಲ."

"ಸಾಧ್ಯವೇ ಇಲ್ಲ. ಅದು ನನ್ನ ಹೆಂಡ್ತಿ ಓದಿದ್ದು."

"ಅದಕ್ಕೇ ಅಧ್ಯಕ್ಷರ ಹತ್ರ ಹೋಗದೆ ನಿನ್ನ ಹತ್ರ ಬಂದೆ. ಇಲ್ಲದಿದ್ರೆ ಇಷ್ಟು ಹೊತ್ತಿಗೆ ರಂಪ ಎಬ್ಬಿಸಿರ್ತಿದ್ದೆ."

ನನ್ನ ಪಿತ್ತ ನೆತ್ತಿಗೇರಿತು. ಬ್ರೈಲ್‌ನವರೇ ಎಲ್ಲೋ ಹೆಚ್ಚಿಗೆ ಸೇರಿಸಿರಬೇಕು ಎಂದು ವಾದಿಸಿದೆ. ಅಚ್ಚಿನ ಪುಸ್ತಕದಲ್ಲೇ ಇಲ್ಲದಿರಬಹುದು ಎಂದೆ. ಅಜ್ಜಿ ಸೊಪ್ಪು ಹಾಕಲಿಲ್ಲ. ಆ ಪುಸ್ತಕದಲ್ಲಿ ಅಧ್ಯಾಯಗಳಿಗೆ ಅಂಕಿಯಿಲ್ಲ, ಹೆಸರೂ ಇಲ್ಲ. ಒಂದು ಮಾಯವಾದರೂ ಲೆಕ್ಕಕ್ಕೆ ಸಿಗುವುದಿಲ್ಲ. ಅಜ್ಜಿ ಸಂಪುಟ ತೆರೆದು, ನನ್ನ ಕೈ ಹಿಡಿದು, ಬೆರಳನ್ನು ಒಂದು ಸಾಲಿನ ಮೇಲೆ ಇಟ್ಟರು.

"ಓದು. ನಾನು ಕಾಯ್ತೀನಿ."

ಕಣ್ಣಿರುವವರು ಒಂದು ಪುಟದ ಮೇಲೆ ಕಣ್ಣಾಡಿಸಿ ಮುಂದೇನಿದೆ ಎಂದು ತಿಳಿದುಕೊಂಡುಬಿಡಬಹುದು. ಬೆರಳಿಗೆ ಆ ಅನುಕೂಲವಿಲ್ಲ. ಅಕ್ಷರ ಒಂದೊಂದಾಗಿಯೇ ಬರಬೇಕು. ಬಂದವು.

ಗಡಿಯಾರದವನ ಹೆಂಡತಿ ಅವನಿಗೆ ಊಟ ಮಾಡಿಸಿ, ಬಾಯಿ ಒರೆಸಿ, ದಾರದುಂಡೆ ತರುತ್ತೇನೆಂದು ಹೇಳಿ ಹೊರಡುತ್ತಾಳೆ. ಅಂಗಡಿಗೆ ಹೋಗುವುದಿಲ್ಲ. ಎದುರಿಗೆ ಬಂದ ಬಸ್ಸು ಹತ್ತುತ್ತಾಳೆ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರೂ ಕೂತೇ ಇರುತ್ತಾಳೆ. ಇಳಿಯೋದಿಲ್ಲವೇನಮ್ಮ ಎಂದು ಕಂಡಕ್ಟರ್ ಕೇಳುತ್ತಾನೆ. ಅವಳು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾಳೆ: "ಅವನು ಸತ್ತರೆ ಅಳುತ್ತೇನೆ. ಖಂಡಿತ ಅಳುತ್ತೇನೆ. ಆಮೇಲೆ ಕಿಟಕಿ ತೆರೆದಿಟ್ಟು ನಿದ್ದೆ ಮಾಡುತ್ತೇನೆ." ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಾಳೆ. ದಾರದುಂಡೆ ಸಿಗಲಿಲ್ಲ ಎನ್ನುತ್ತಾಳೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಮುಂದಿನದರಲ್ಲಿ ಯಥಾಪ್ರಕಾರ ಒಲೆ ಹಚ್ಚುತ್ತಾಳೆ. ಅವಳು ಹೋಗಿ ಬಂದದ್ದು ಗಂಡನಿಗೂ ಗೊತ್ತಾಗುವುದಿಲ್ಲ. ನಮ್ಮ ಕೇಳುಗರಿಗೂ ಗೊತ್ತಾಗದಂತೆ ನನ್ನ ಹೆಂಡತಿ ನೋಡಿಕೊಂಡಿದ್ದಳು.

ಬೆರಳು ಬೆವರಿತು. ಬೆವರಿದ ಬೆರಳಿಗೆ ಚುಕ್ಕೆಗಳು ಸರಿಯಾಗಿ ಸಿಗುವುದಿಲ್ಲ. ಅಂಗಿಗೆ ಒರೆಸಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ಓದಿದೆ. ಇತ್ತೀಚೆಗೆ ನನ್ನ ಹೆಂಡತಿ ತರಕಾರಿಗೆಂದು ಹೋದರೆ ತಡವಾಗಿ ಬರುತ್ತಿದ್ದಳು. ಬಂದವಳು ಚಪ್ಪಲಿ ಬಿಡುವ ಮೊದಲು ಹೊಸ್ತಿಲಾಚೆ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದಳು. ಪ್ರತಿ ಸಲವೂ ನಾನು ಒಳಗಿನಿಂದಲೇ ಕೂಗಿ ಕೇಳುತ್ತಿದ್ದೆ, ಯಾಕೆ ನಿಂತೆ ಎಂದು. ಪ್ರತಿ ಸಲವೂ ಅವಳು, "ಏನಿಲ್ಲ, ಕಾಲಿಗೆ ಕಲ್ಲು ಸಿಕ್ಕಿತ್ತು" ಎನ್ನುತ್ತಿದ್ದಳು.

ನನಗೆ ಹೆದರಿಕೆಯಾಯಿತು. ಹೆಂಡತಿ ನನ್ನನ್ನು ಬಿಟ್ಟುಹೋಗುತ್ತಾಳೆ ಎಂಬ ಹೆದರಿಕೆ. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು.

"ಹಾಳೆ ಅಂಟಿಕೊಂಡಿರಬಹುದು ಅಜ್ಜಿ," ಎಂದೆ. ನನ್ನ ದನಿ ನನಗೇ ತಿಪ್ಪೆ ಸಾರಿಸುವವನ ದನಿಯಂತೆ ಕೇಳಿಸಿತು.

"ಒಂದು ಹಾಳೆ ಅಂಟಿಕೊಳ್ಳತ್ತೆ. ಇಡೀ ಅಧ್ಯಾಯ ಅಂಟಿಕೊಳ್ಳತ್ತಾ? ಅಧ್ಯಾಯದ ಮೊದಲ ಸಾಲಿಂದ ಕೊನೇ ಸಾಲಿನವರೆಗೆ, ಅಳತೆ ತೆಗೆದ ಹಾಗೆ?" ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. "ನೋಡಪ್ಪ, ಅವಳ ದನಿ ಅಂದ್ರೆ ನನಗೆ ಪ್ರಾಣ. ಆದ್ರೆ ಕಣ್ಣಿಲ್ಲದವರಿಗೆ ಇಷ್ಟು ಸಾಕು ಅಂತ ತೀರ್ಮಾನ ಮಾಡೋಕೆ ಅವಳು ಯಾರು? ಚಿಕ್ಕಂದಿನಿಂದ ಎಲ್ಲರೂ ನನಗೆ ಇದನ್ನೇ ಮಾಡಿದಾರೆ. ಪೇಪರ್ ಓದು ಅಂದ್ರೆ ಸಾವಿನ ಸುದ್ದಿ ಬಿಟ್ಟು ಓದೋರು. ಬ್ರೈಲ್ ಕಲಿತದ್ದು ಯಾಕೆ ಅಂದ್ಕೊಂಡೆ? ಯಾರ ಕರುಣೆಯೂ ಮಧ್ಯೆ ಬರಬಾರದು ಅಂತ."

ಮೇಷ್ಟ್ರಿಗೆ ಬಾಗಿಲು ತೋರಿಸುವಾಗ ನಾನು ಆಡಿದ ಮಾತುಗಳೂ ಇವೇ.

"ಸಂಜೆ ವ್ಯಾನು ಹೋಗೋದ್ರೊಳಗೆ ಅದು ಸೇರ್ಬೇಕು," ಎಂದರು ಅಜ್ಜಿ. "ಬೇರೆ ಯಾರ ಹತ್ರಾದ್ರೂ ಓದಿಸು. ಅವಳ ತಂಟೆ ಬೇಡ ಅನ್ಸಿದ್ರೆ ಬೇಡ."

ಬೇರೆಯವರಿಂದ ಓದಿಸಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಧ್ಯಾಯ ಸೇರುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಮನೆಗೆ ಹೋಗಿ ಏನೂ ಆಗದವನಂತೆ ಊಟಕ್ಕೆ ಕೂರಬಹುದಿತ್ತು. ಆದರೆ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ. ಫೋನ್ ಮಾಡಿದೆ.

"ಹೇಳಿ," ಎಂದಳು.

"ಆ ಗಡಿಯಾರದವನ ಪುಸ್ತಕದಲ್ಲಿ ಏನಾದ್ರೂ ಬಿಟ್ಟುಹೋಗಿತ್ತಾ? ಹಾಳೆ ಗೀಳೆ ಅಂಟಿಕೊಂಡಿತ್ತಾ?"

ಸುಳ್ಳಿಗೆ ದಾರಿಯನ್ನು ನಾನೇ ಗುಡಿಸಿ ಕೊಟ್ಟಿದ್ದೆ. ಅವಳು ಆ ದಾರಿ ಹಿಡಿಯಲಿ ಎಂದು ಒಳಗೊಳಗೇ ಬೇಡಿಕೊಂಡೆ. ಅತ್ತ ಕಡೆ ಕುಕ್ಕರ್ ಕೂಗಿ ನಿಂತಿತು.

"ಹಾಳೆ ಏನೂ ಅಂಟಿಕೊಂಡಿರಲಿಲ್ಲ," ಎಂದಳು. "ಬರ್ತೀನಿ, ಇರಿ."

ಅವಳು ಬರುವವರೆಗೆ ಅಜ್ಜಿ ಕುರ್ಚಿ ಬಿಟ್ಟು ಏಳಲಿಲ್ಲ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸದ್ದಾದರೂ ನಾನು ಎದ್ದು ನಿಲ್ಲುತ್ತಿದ್ದೆ. ವ್ಯಾನ್ ಡ್ರೈವರ್ ಬಂದು, "ಸಾರ್, ಪೆಟ್ಟಿಗೆ ಎಲ್ಲಾ ಏರಿಸಿ ಆಯ್ತು, ನಿಮ್ಮದೊಂದೇ ಬಾಕಿ" ಎಂದ. ಅವನ ಮೇಲೆ ವಿನಾಕಾರಣ ಹರಿಹಾಯ್ದೆ. ಪಾಪ, ಏನೂ ಅನ್ನದೆ ಇಳಿದುಹೋದ.

ಅವಳು ಬಂದಾಗ ಅಜ್ಜಿಗೆ ನಮಸ್ಕಾರ ಹೇಳಿದಳು. ನನಗೆ ಏನೂ ಹೇಳಲಿಲ್ಲ. ಕಪಾಟಿನಿಂದ ಅಚ್ಚಿನ ಪುಸ್ತಕ ತೆಗೆದುಕೊಂಡು ನೇರ ರೆಕಾರ್ಡಿಂಗ್ ಕೋಣೆಗೆ ಹೋಗಿ ಕೂತಳು. ಪುಟ ಹುಡುಕುವುದಕ್ಕೆ ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅಲ್ಲಿ ಗುರುತಿಗೆ ಏನೋ ಇಟ್ಟಿದ್ದಳೆಂದು ಕಾಣುತ್ತದೆ.

ಗಾಜಿನ ಆಚೆ ಅವಳು, ಈಚೆ ನಾನು. ನನ್ನ ಹಿಂದೆ ಮೂಲೆಯಲ್ಲಿ ಅಜ್ಜಿ. ಹೆಡ್‌ಫೋನ್ ಹಾಕಿಕೊಂಡೆ. ಹಾಕಿಕೊಂಡರೆ ಆ ಕೋಣೆಯಲ್ಲಿರುವವರು ನನ್ನ ತಲೆಯೊಳಗೇ ಕೂತ ಹಾಗಾಗುತ್ತದೆ. ಅವಳ ಉಸಿರು, ಬೆರಳು ಕಾಗದಕ್ಕೆ ತಾಗುವ ಸದ್ದು, ಎಲ್ಲವೂ. ಗುಂಡಿ ಒತ್ತಿ, "ಶುರು ಮಾಡು" ಎಂದೆ.

ಓದತೊಡಗಿದಳು. ಊಟ ಮಾಡಿಸಿದ್ದು, ಬಾಯಿ ಒರೆಸಿದ್ದು, ದಾರದುಂಡೆ, ಬಸ್ಸು. ದನಿ ಅಲುಗಲಿಲ್ಲ. ಎಲ್ಲೂ ಅತಿ ಮಾಡಲಿಲ್ಲ. ಇಷ್ಟು ಚೆನ್ನಾಗಿ ಅವಳು ಎಂದೂ ಓದಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಕಂಡಕ್ಟರ್ ಕೇಳಿದ. ಅವಳು, "ಅವನು ಸತ್ತರೆ" ಎಂದು ನಿಲ್ಲಿಸಿದಳು.

"ಮುಂದೆ ಓದು," ಎಂದೆ.

ಅವಳು ಪುಸ್ತಕವನ್ನು ಮೇಜಿನ ಮೇಲೆ ಕವುಚಿಟ್ಟ ಸದ್ದು ಕೇಳಿಸಿತು.

"ಆಗಲ್ಲ ರೀ."

"ಯಾಕಾಗಲ್ಲ?"

"ನೀವು ಕೇಳ್ತಿದೀರ."

"ಕೇಳೋದೇ ನನ್ನ ಕೆಲಸ."

"ಮನೇಲೂ ಅದೇ ಕೆಲಸ ಅಲ್ವಾ ನಿಮಗೆ?"

ರೆಕಾರ್ಡಿಂಗ್ ನಿಲ್ಲಿಸಿದೆ. ಹಿಂದೆ ಅಜ್ಜಿ ಕೂತಿರುವುದೂ ಮರೆತುಹೋಯಿತು. "ನೇರವಾಗಿ ಹೇಳು," ಎಂದೆ. "ಈ ಕುರುಡನ್ನ ಕಟ್ಟಿಕೊಂಡು ಸಾಕಾಯ್ತಾ ನಿನಗೆ? ನಾನು ಹೋದ್ರೆ ಸಾಕು ಅನ್ಸಿದ್ಯಾ?"

ಅವಳು ನಕ್ಕಳು. ಆ ನಗುವಿನಲ್ಲಿ ನಗು ಇರಲಿಲ್ಲ.

"ನಿಮ್ಮ ಕಣ್ಣಿಂದ ನನಗೇನು ಕಷ್ಟ? ನಿಮ್ಮ ಬಟ್ಟೆ ನೀವೇ ಇಸ್ತ್ರಿ ಮಾಡ್ಕೋತೀರ. ಈರುಳ್ಳಿ ನನಗಿಂತ ಸಣ್ಣಗೆ ಹೆಚ್ತೀರ. ಒಂದು ದಿನ ನನ್ನ ಕೈ ಹಿಡಿದು ರಸ್ತೆ ದಾಟಿಸು ಅಂದವರಲ್ಲ. ನನಗೆ ಸಾಕಾಗಿರೋದು ನಿಮ್ಮ ಕಿವಿ."

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಅಕ್ಕನ ಹತ್ರ ಫೋನಲ್ಲಿ ಮಾತಾಡಿದ್ರೆ, ಯಾಕೆ ದನಿ ಇಳಿಸಿದೆ ಅಂತೀರ. ಪಾತ್ರೆ ಇಟ್ಟರೆ, ಯಾರ ಮೇಲೆ ಕೋಪ ಅಂತೀರ. ಮಗ್ಗುಲು ಬದಲಾಯಿಸಿದ್ರೆ, ಏನು ಯೋಚನೆ ಅಂತೀರ. ಬಾಗಿಲ ಹೊರಗೆ ಒಂದು ನಿಮಿಷ ನಿಲ್ಲೋ ಹಾಗಿಲ್ಲ. ಒಂದು ನಿಟ್ಟುಸಿರು ಬಿಡ್ಬೇಕು ಅಂದ್ರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸ್ಬೇಕು ರೀ ನಾನು. ನನ್ನದು ಅಂತ, ನಿಮಗೆ ಕೇಳಿಸದೇ ಇರೋದು ಅಂತ, ಒಂದಾದ್ರೂ ಬೇಡ್ವಾ?"

ಹೆಡ್‌ಫೋನಿನಲ್ಲಿ ಅವಳು ಅಂಗೈಯಿಂದ ಕಣ್ಣೊರೆಸಿಕೊಂಡದ್ದು ಕೇಳಿಸಿತು. ಇದನ್ನೂ ಕೇಳಿಸಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ನೀನೂ ಬಸ್ಸು ಹತ್ತಿದ್ಯಾ?"

"ಹತ್ತಿದೀನಿ. ತರಕಾರಿ ಚೀಲ ತೊಡೆ ಮೇಲಿಟ್ಕೊಂಡು, ಕೊನೇ ಸ್ಟಾಪಿನ ತನಕ. ಗದ್ದಲದಲ್ಲಿ ಯಾರೂ ನನ್ನ ಕೇಳಿಸ್ಕೊಳ್ಳಲ್ಲ. ಹಾಯಾಗಿರತ್ತೆ."

"ವಾಪಸ್ ಬರಬಾರ್ದು ಅನ್ಸಿತ್ತಾ?"

"ಅನ್ಸಿತ್ತು. ಆದ್ರೂ ಬಂದೆ. ಇಲ್ಲಿಯ ತನಕ ಪ್ರತಿ ಸಲ ಬಂದಿದೀನಿ. ಈ ಅಧ್ಯಾಯ ಓದಿದ್ರೆ ನನ್ನ ದನೀಲೇ ನಿಮಗೆ ಎಲ್ಲಾ ಗೊತ್ತಾಗಿಬಿಡತ್ತೆ ಅಂತ ಬಿಟ್ಟೆ. ಅಜ್ಜಿಗೆ ಮೋಸ ಮಾಡ್ಬೇಕು ಅಂತಲ್ಲ. ನಿಮ್ಮೊಬ್ಬರಿಂದ ತಪ್ಪಿಸ್ಕೋಬೇಕಿತ್ತು."

"ಇನ್ನು ಮುಂದೆ?"

"ಗೊತ್ತಿಲ್ಲ ರೀ. ನಿಜವಾಗ್ಲೂ ಗೊತ್ತಿಲ್ಲ."

ನನ್ನ ನಾಲಿಗೆಯ ತುದಿಯಲ್ಲಿ ಬೇಕಾದಷ್ಟು ಇತ್ತು. ಕಣ್ಣಿಲ್ಲದವನು ಕಿವಿಯನ್ನೂ ಮುಚ್ಚಿಕೊಂಡರೆ ಗೋಡೆಗೂ ನನಗೂ ಏನು ವ್ಯತ್ಯಾಸ ಎಂದು ಕೇಳಬಹುದಿತ್ತು. ನಿನ್ನ ಮೇಲಿನ ಪ್ರೀತಿಗೇ ಕೇಳಿಸಿಕೊಂಡೆ ಎಂದು ಹೇಳಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಕೆಳಗೆ ವ್ಯಾನಿನ ಹಾರ್ನ್ ಕೂಗಿತು. ಅವಳು ಮೂಗು ಒರೆಸಿಕೊಂಡಳು, ಪುಸ್ತಕವನ್ನು ಮತ್ತೆ ಸರಿ ಮಾಡಿಟ್ಟುಕೊಂಡಳು. ಓದುವುದಕ್ಕೆ ತಯಾರಾಗುತ್ತಿದ್ದಳು. ನಾನು ಕೇಳುತ್ತಿದ್ದರೂ ಸರಿ, ಓದಿ ಮುಗಿಸಿಬಿಡುತ್ತಿದ್ದಳು. ಆ ಸಾಲು ಅವಳ ದನಿಯಲ್ಲಿ ಹೇಗೆ ಬರುತ್ತದೆಂದು ಕೇಳಿದ್ದರೆ ಅವಳು ಉಳಿಯುತ್ತಾಳೋ ಹೋಗುತ್ತಾಳೋ ನನಗೆ ಗೊತ್ತಾಗಿಬಿಡುತ್ತಿತ್ತು. ಅಷ್ಟು ನಂಬಿಕೆ ನನ್ನ ಕಿವಿಯ ಮೇಲೆ ನನಗಿತ್ತು.

ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ಅಜ್ಜಿ, ಇಲ್ಲಿ ಬಂದು ಕೂತ್ಕೊಳ್ಳಿ. ಬ್ರೈಲ್ ತೆರೆದಿಟ್ಕೊಂಡು ಸಾಲು ಸಾಲು ನೀವೇ ನೋಡ್ಕೊಳ್ಳಿ. ಅವಳು ಮುಗಿಸಿದ ಮೇಲೆ ಈ ಗುಂಡಿ ಒತ್ತಿದ್ರೆ ನಿಲ್ಲತ್ತೆ. ಕೊನೇಲಿ ಪರೀಕ್ಷಿಸಿದ್ದೇನೆ ಅನ್ನೋ ಮಾತೂ ನಿಮ್ಮ ದನೀಲೇ ಇರಲಿ. ನನ್ನದನ್ನ ತೆಗೀತೀನಿ."

"ಮತ್ತೆ ನೀನು?"

"ಹೊರಗಿರ್ತೀನಿ."

ಅಜ್ಜಿ ನನ್ನ ಕೈಯಿಂದ ಹೆಡ್‌ಫೋನ್ ತೆಗೆದುಕೊಳ್ಳುವಾಗ ಒಂದು ಗಳಿಗೆ ಹೆಚ್ಚು ಹೊತ್ತು ಕೈ ಹಿಡಿದರು. ನಾನು ರೆಕಾರ್ಡಿಂಗ್ ಮತ್ತೆ ಶುರು ಮಾಡಿ, ಗುಂಡಿ ಒತ್ತಿ, "ನಾನು ಹೋಗ್ತಿದೀನಿ. ಅಜ್ಜಿ ಕೇಳ್ತಾರೆ. ಪೂರ್ತಿ ಓದು" ಎಂದೆ. ಉತ್ತರಕ್ಕೆ ಕಾಯಲಿಲ್ಲ.

ಕೆಳಗೆ ಹೋಗಿ ವ್ಯಾನಿನ ಎಂಜಿನ್ ಪಕ್ಕದಲ್ಲೇ ನಿಂತೆ. ಹೊಗೆ ಮುಖಕ್ಕೆ ಹೊಡೆಯುತ್ತಿತ್ತು, ಕಿವಿ ಗುಂಯ್ಗುಡುತ್ತಿತ್ತು. "ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ" ಎಂದ ಡ್ರೈವರ್. ಇಲ್ಲೇ ಸರಿಯಾಗಿದೆ ಎಂದೆ. ಮೇಲೆ, ಗೋಡೆಯ ಆಚೆ, ನನ್ನ ಬಾಳಿನ ಮಾತು ಓದಿ ಮುಗಿಯುತ್ತಿತ್ತು. ಓಡಿ ಹೋಗಿ ಬಾಗಿಲಿಗೆ ಕಿವಿ ಇಡಬೇಕೆನಿಸಿತು. ವ್ಯಾನಿನ ತಗಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅಜ್ಜಿ ಕೂಗಿ ಕರೆದ ಮೇಲೆ ಹತ್ತಿ ಹೋದೆ. ಹೊಸ ತುಣುಕನ್ನು ಅದರ ಜಾಗದಲ್ಲಿ, ಅಜ್ಜಿಯ ಮಾತನ್ನು ಕೊನೆಯಲ್ಲಿ ಕೂರಿಸಿ, ಕಂಪ್ಯೂಟರಿನ ಬ್ರೈಲ್ ಪಟ್ಟಿಯ ಮೇಲೆ ಬೆರಳಾಡಿಸಿ ಉದ್ದ ಮಾತ್ರ ನೋಡಿಕೊಂಡೆ, ಕೇಳಲಿಲ್ಲ. ಪ್ರತಿ ಮಾಡಿ ಡ್ರೈವರನ ಕೈಗಿಟ್ಟೆ. ಆ ಅಧ್ಯಾಯ ಎಷ್ಟೋ ಊರಿನ ಎಷ್ಟೋ ಮನೆಗಳಲ್ಲಿ ಕೇಳಿಸಲಿದೆ. ನಾನೊಬ್ಬ ಮಾತ್ರ ಇವತ್ತಿಗೂ ಕೇಳಿಲ್ಲ.

ವ್ಯಾನು ಹೊರಟುಹೋಯಿತು. ಅಜ್ಜಿಯೂ ನಾನೂ ಕೆಳಗಿನ ಬಾಗಿಲಲ್ಲಿ ಆಟೋಗೆ ಕಾಯುತ್ತಾ ನಿಂತಿದ್ದೆವು. ಅವಳು ಮೆಟ್ಟಿಲಿಳಿದು ಬಂದಳು. ನನ್ನ ಪಕ್ಕದಲ್ಲಿ ನಿಂತಳು.

"ನಾನು ಹೊರ್ಡ್ತೀನಿ," ಎಂದಳು.

ಎಲ್ಲಿಗೆ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ನುಂಗಿಕೊಂಡೆ.

"ಹೂಂ," ಎಂದೆ.

ನಮ್ಮ ಬಾಗಿಲಿನಿಂದ ಎಡಕ್ಕೆ ತಿರುಗಿದರೆ ಮನೆ, ಬಲಕ್ಕೆ ತಿರುಗಿದರೆ ಬಸ್ ಸ್ಟಾಪು. ವ್ಯಾನು ಹೋದ ಮೇಲೆ ಬೀದಿಯಲ್ಲಿ ಒಂದು ನರಪಿಳ್ಳೆಯ ಸದ್ದೂ ಇರಲಿಲ್ಲ. ಅವಳ ಚಪ್ಪಲಿ ಮೊದಲ ಹೆಜ್ಜೆ ಇಟ್ಟಿತು.

"ಅಜ್ಜಿ!" ಎಂದು ಗಟ್ಟಿಯಾಗಿ ಕರೆದೆ. "ನಿಮ್ಮ ಎಕ್ಸ್‌ಚೇಂಜಲ್ಲಿ ಒಂದೇ ಸಲ ಎಷ್ಟು ಲೈನ್ ನೋಡ್ಕೋತಿದ್ರಿ? ಹೆಡ್‌ಫೋನ್ ಭಾರ ಇರ್ತಿತ್ತಾ? ಮಧ್ಯೆ ಜನರ ಮಾತು ಕೇಳಿಸ್ತಿತ್ತಾ?"

"ಯಾಕೋ ಹೀಗೆ ಅರಚ್ತಿದೀಯಾ? ನಾನೇನು ಕಿವುಡೀನಾ?"

ನಾನು ನಿಲ್ಲಿಸಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಕೇಳಿದೆ. ಅಜ್ಜಿ ಮೊದಲು ಬೈದರು. ಆಮೇಲೆ ಅವರಿಗೆ ಏನೋ ಅರ್ಥವಾಗಿರಬೇಕು, ಅವರೂ ದನಿ ಎತ್ತರಿಸಿ ಉತ್ತರ ಕೊಡತೊಡಗಿದರು. ಬೀದಿಯಲ್ಲಿ ಇಬ್ಬರು ಕುರುಡರು ಜಗಳಕ್ಕೆ ನಿಂತಿದ್ದಾರೆಂದು ಯಾರಾದರೂ ಅಂದುಕೊಂಡಿರಬೇಕು. ಉಸಿರು ಕಟ್ಟಿ ನಾನು ನಿಲ್ಲಿಸಿದಾಗ ಬೀದಿಯಲ್ಲಿ ಹೆಜ್ಜೆಯ ಸದ್ದಿರಲಿಲ್ಲ.

ಅಜ್ಜಿಯ ಕಿವಿ ನನ್ನದಕ್ಕಿಂತ ಚುರುಕು. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, ತಗ್ಗಿದ ದನಿಯಲ್ಲಿ, "ಅವಳು ಯಾವ ಕಡೆ..." ಎಂದು ಶುರು ಮಾಡಿದರು.

"ಹೇಳ್ಬೇಡಿ ಅಜ್ಜಿ," ಎಂದೆ. "ಮನೆಗೆ ಹೋದ್ಮೇಲೆ ಗೊತ್ತಾಗತ್ತೆ."